ಬಿರುಕು ಬಿಟ್ಟ ಮನೆ, ಎರಡು ವರದಿ: ಆಯೋಗದ ಮುಂದೆ ನಿಲ್ಲುವ ತಜ್ಞರನ್ನು ಹುಡುಕುವುದು ಹೇಗೆ?

ಪ್ರಶ್ನೆ: ಸಿಂಧನೂರಿನ ಹೊರವಲಯದಲ್ಲಿ, ಮೊದಲು ಭತ್ತದ ಗದ್ದೆಯಾಗಿದ್ದ ಲೇಔಟಿನಲ್ಲಿ ಮನೆ ಕಟ್ಟಿಸಿದೆವು. ಮಟೀರಿಯಲ್ ಸಮೇತ ಗುತ್ತಿಗೆ, ಒಟ್ಟು 36 ಲಕ್ಷ ರೂಪಾಯಿ. ಗೃಹಪ್ರವೇಶವಾಗಿ ವರ್ಷ ತುಂಬುವುದರೊಳಗೆ ಕಿಟಕಿಯ ಮೂಲೆಗಳಲ್ಲಿ ಓರೆಯಾಗಿ ಬಿರುಕು ಬಿಟ್ಟಿತು. ಹಿಂದಿನ ಕೋಣೆಯ ನೆಲ ಇಳಿದಿದೆ, ಒಂದು ಪಿಲ್ಲರಿನ ಪ್ಲಾಸ್ಟರ್ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದೆ. ಗುತ್ತಿಗೆದಾರರು "ಎರೆಮಣ್ಣಿನ ಗುಣ, ನಾನೇನು ಮಾಡಲಿ" ಎನ್ನುತ್ತಾರೆ. ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕಿದ್ದೇವೆ. ಪರಿಚಯದ ಎಂಜಿನಿಯರೊಬ್ಬರು ಕೊಟ್ಟ ಒಂದೂವರೆ ಪುಟದ ವರದಿಯನ್ನು ಎದುರುದಾರರ ವಕೀಲರು ಐದು ನಿಮಿಷದಲ್ಲಿ ತಳ್ಳಿಹಾಕಿದರು. ಅವರ ಕಡೆಯವರು ಹ್ಯಾಮರ್ ಟೆಸ್ಟ್ (ಕಾಂಕ್ರೀಟಿನ ಮೇಲೆ ಬಡಿದು ಬಲ ಅಂದಾಜಿಸುವ ಪರೀಕ್ಷೆ) ಮಾಡಿಸಿ "ಕಾಂಕ್ರೀಟ್ ಎಂ-20 ಇದೆ, ಚೆನ್ನಾಗಿದೆ" ಎಂಬ ವರದಿ ಹಾಕಿದ್ದಾರೆ (ಎಂ-20 ಎಂದರೆ ಚದರ ಮಿ.ಮೀ.ಗೆ 20 ನ್ಯೂಟನ್ ಒತ್ತಡ ತಾಳುವ ದರ್ಜೆ). ಒಳ್ಳೆಯ ತಜ್ಞರನ್ನು ಹುಡುಕಿ ಎಂದು ನಮ್ಮ ವಕೀಲರು ಹೇಳುತ್ತಿದ್ದಾರೆ. ಯಾರನ್ನು, ಏನು ನೋಡಿ ಆರಿಸಬೇಕು?

ಉತ್ತರ: ನಿಮ್ಮ ಮೊದಲ ವರದಿ ಬಿದ್ದದ್ದು ಬರೆದವರಿಗೆ ತಿಳಿವಳಿಕೆ ಇಲ್ಲವೆಂದೇ ಆಗಿರಬೇಕಿಲ್ಲ. ಅಳತೆಯಿಂದ ತೀರ್ಮಾನಕ್ಕೆ ಹೋಗುವ ದಾರಿ ಆ ವರದಿಯಲ್ಲಿ ಇರಲಿಲ್ಲ. ಒಂದೂವರೆ ಪುಟದಲ್ಲಿ ಅದು ಇರುವುದೂ ಕಷ್ಟ. ತಜ್ಞರ ಮಾತಿಗೆ ಬೆಲೆ ಬರುವುದು ಅವರು ನಡೆದ ದಾರಿಯಲ್ಲಿ ಎದುರಿನವರೂ ನಡೆದು ನೋಡಬಹುದು ಎಂದಾಗ ಮಾತ್ರ. ಪದವಿ, ಸೀಲು, ಲೆಟರ್‌ಹೆಡ್ ಎಲ್ಲ ಆಮೇಲಿನ ಮಾತು. ಕಾನೂನು ಹೇಳುವುದೂ ಇದನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು (ಹಳೆಯ ಕಾಯ್ದೆಯಲ್ಲಿ 45) ತಜ್ಞರ ಅಭಿಪ್ರಾಯವನ್ನು ಸಾಕ್ಷ್ಯವಾಗಿ ಒಪ್ಪುತ್ತದೆ. ಅದರ ಹಿಂದೆಯೇ 45ನೇ ಕಲಮು (ಹಳೆಯದರಲ್ಲಿ 51) ಆ ಅಭಿಪ್ರಾಯಕ್ಕೆ ಆಧಾರವಾದ ಕಾರಣಗಳೂ ಪ್ರಸ್ತುತ ಎನ್ನುತ್ತದೆ. 1999ರಲ್ಲಿ ಹಿಮಾಚಲ ಪ್ರದೇಶ ಸರ್ಕಾರ ಮತ್ತು ಜೈಲಾಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ತಜ್ಞರಾದವರು ಆ ವಿಷಯವನ್ನು ವಿಶೇಷವಾಗಿ ಅಭ್ಯಾಸ ಮಾಡಿರಬೇಕು, ತಮ್ಮ ತೀರ್ಮಾನವನ್ನು ನ್ಯಾಯಾಲಯ ತಾನೇ ಪರೀಕ್ಷಿಸಿ ನೋಡಲು ಬೇಕಾದ ಮಾನದಂಡ, ಮಾಹಿತಿ ಎರಡನ್ನೂ ಮುಂದಿಡಬೇಕು. ಆ ಪ್ರಕರಣ ಸೇಬಿನ ತೋಟಗಳ ಇಳುವರಿಗೆ ಸಂಬಂಧಿಸಿದ್ದು, ಆದರೂ ಮನೆಯ ಬಿರುಕಿಗೂ ಅದೇ ಅಳತೆಗೋಲು. ಗ್ರಾಹಕ ಆಯೋಗ ಸಾಕ್ಷ್ಯ ಕಾಯ್ದೆಯ ತಾಂತ್ರಿಕ ನಿಯಮಗಳಿಗೆ ಕಟ್ಟುಬಿದ್ದಿಲ್ಲ, ನಿಜ. ಹಾಗೆಂದು ಕಾರಣವಿಲ್ಲದ ಅಭಿಪ್ರಾಯವನ್ನು ಅದೂ ಒಪ್ಪುವುದಿಲ್ಲ.

ತಜ್ಞರನ್ನು ಹುಡುಕುವ ಮೊದಲು ನಿಮ್ಮ ದೂರಿನೊಳಗಿನ ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿ. ಬಿರುಕು ಯಾಕೆ ಬಂತು ಎಂಬುದು ಮಣ್ಣು ಮತ್ತು ಪಾಯದ ಪ್ರಶ್ನೆ. ಒಪ್ಪಿಕೊಂಡ ದರ್ಜೆಯ ಕಾಂಕ್ರೀಟ್, ನಕ್ಷೆಯಲ್ಲಿದ್ದಷ್ಟು ಕಬ್ಬಿಣ, ಸರಿಯಾದ ಕವರ್ (ಕಬ್ಬಿಣದ ಮೇಲಿನ ಕಾಂಕ್ರೀಟ್ ಪದರದ ದಪ್ಪ) ಸಿಕ್ಕಿದೆಯೇ ಎಂಬುದು ಸ್ಟ್ರಕ್ಚರಲ್ ಎಂಜಿನಿಯರ್ ಮತ್ತು ಪರೀಕ್ಷಾಲಯದ ಪ್ರಶ್ನೆ. ಸರಿಪಡಿಸಲು ಎಷ್ಟು ಖರ್ಚು ಎಂಬುದು ಅಳತೆ, ದರ ಬಲ್ಲವರ ಪ್ರಶ್ನೆ. ಮೂರಕ್ಕೂ ಒಬ್ಬರೇ ಸಮರ್ಥರಾಗಿರುವುದು ಅಪರೂಪ. ನಿಮ್ಮ ಊರಿನ ಗದ್ದೆಗಳಿಗೆ ನೀರು ಕೊಡುವ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ ರಾಜ್ಯದಲ್ಲಿ ಸಿವಿಲ್ ಎಂಜಿನಿಯರುಗಳಿಗೆ ಬರವಿರಲಿಲ್ಲ. ಆದರೂ ಕರೆಸಿದ್ದು ಗೇಟುಗಳನ್ನೇ ವೃತ್ತಿಯಾಗಿಸಿಕೊಂಡ ಕನ್ನಯ್ಯ ನಾಯ್ಡು ಅವರನ್ನು. ನೀವೂ ಹಾಗೆಯೇ ಯೋಚಿಸಬೇಕು. ಬಿರುಕಿನ ಕಾರಣ ಹೇಳಲು ಎರೆಮಣ್ಣಿನ ಮೇಲಿನ ಪಾಯಗಳನ್ನು ಅಗೆದು ನೋಡಿ ಅಭ್ಯಾಸವಿರುವವರು ಬೇಕು. ಮನೆ ಪ್ಲಾನ್ ಮಾಡಿ ಪರವಾನಗಿ ಕೊಡಿಸುವವರು ಎಷ್ಟೇ ಒಳ್ಳೆಯವರಿರಲಿ, ಇದು ಅವರ ಕೆಲಸವಲ್ಲ.

ಬೋರ್ಡಿನ ಮೇಲಿನ ಬಿರುದುಗಳ ಬಗ್ಗೆಯೂ ಒಂದು ಮಾತು. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಡಿ ನೋಂದಣಿ ಇದೆ. ಎಂಜಿನಿಯರುಗಳಿಗೆ ದೇಶಮಟ್ಟದಲ್ಲಿ ಅಂಥ ಕಾನೂನಿಲ್ಲ. ನಗರಸಭೆಯ ಲೈಸೆನ್ಸ್ ಇರುವುದು ನಕ್ಷೆ ಸಲ್ಲಿಸಲು. ಬ್ಯಾಂಕಿನ ಪ್ಯಾನೆಲ್ಲಿನಲ್ಲಿರುವ ವ್ಯಾಲ್ಯುಯರ್ ಆಸ್ತಿಯ ಬೆಲೆ ಕಟ್ಟುವವರು. ಚಾರ್ಟರ್ಡ್ ಎಂಜಿನಿಯರ್ ಎಂಬುದು ವೃತ್ತಿ ಸಂಸ್ಥೆ ಕೊಡುವ ಮನ್ನಣೆ. ಇವು ಯಾವುವೂ ಬಿರುಕಿನ ಕಾರಣ ಕಂಡುಹಿಡಿಯಬಲ್ಲರು ಎಂಬುದಕ್ಕೆ ಪುರಾವೆಯಲ್ಲ. ನಿವೃತ್ತ ಪಿಡಬ್ಲ್ಯುಡಿ ಎಂಜಿನಿಯರುಗಳು ಅಳತೆ ಪುಸ್ತಕ, ಬಿಲ್ಲು, ಕರಾರಿನ ಷರತ್ತುಗಳಲ್ಲಿ ಗಟ್ಟಿ, ಆದರೆ ಪರೀಕ್ಷೆಗಳ ಇತ್ತೀಚಿನ ಮಾನಕಗಳನ್ನು ಎಲ್ಲರೂ ಹಿಂಬಾಲಿಸಿರುವುದಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರು ಪರೀಕ್ಷೆಯಲ್ಲಿ ಗಟ್ಟಿ, ಸೈಟಿನಲ್ಲಿ ಸೆಂಟ್ರಿಂಗಿನವರು, ಗೌಂಡಿಗಳು ನಿಜವಾಗಿ ಹೇಗೆ ಕೆಲಸ ಮಾಡುತ್ತಾರೆ ಎಂದು ಕೇಳಿದರೆ ಕೆಲವರು ತಡವರಿಸುತ್ತಾರೆ. ಎದುರು ಪಕ್ಷದ ವಕೀಲರು ಹುಡುಕುವುದು ಈ ಮೆದು ಜಾಗಗಳನ್ನೇ.

ಈಗ ಎದುರುದಾರರ ಹ್ಯಾಮರ್ ವರದಿ. ಅದನ್ನು ನೋಡಿ ಹೆದರಬೇಡಿ, ಅದರಲ್ಲಿ ನಾಲ್ಕು ವಿಷಯ ಹುಡುಕಿ. ಮೊದಲನೆಯದು, ಯಾವ ಮಾನಕದ ಪ್ರಕಾರ ಮಾಡಿದ್ದಾರೆ? ಹಳೆಯ ಐಎಸ್ (ಭಾರತೀಯ ಮಾನಕ) 13311ರ ಭಾಗ 2 (1992) ಈಗ ಐಎಸ್ 516ರ 5ನೇ ಭಾಗದೊಳಗೆ ಸೇರಿದೆ. ಹಳೆಯದನ್ನೇ ಬರೆದಿದ್ದರೆ ಅದೇ ಪಾಟಿ ಸವಾಲಿನ ಮೊದಲ ಪ್ರಶ್ನೆ. ಎರಡನೆಯದು, ಆ ಹಳೆಯ ಮಾನಕವೇ ಹ್ಯಾಮರಿನಿಂದ ಅಂದಾಜಿಸಿದ ಬಲದಲ್ಲಿ ಶೇ 25ರಷ್ಟು ಹೆಚ್ಚು ಕಡಿಮೆ ಆಗಬಹುದು ಎನ್ನುತ್ತದೆ. ಅಂದರೆ 20 ಎಂದು ಬರೆದದ್ದು 15 ಇರಬಹುದು, 25ರ ಹತ್ತಿರವೂ ಇರಬಹುದು. ಹೀಗಿರುವಾಗ "ಎಂ-20 ಇದೆ" ಎಂದು ಅಡ್ಡಗೆರೆ ಎಳೆದು ಬರೆಯಲು ಬರುವುದಿಲ್ಲ. ಮೂರನೆಯದು, ಪ್ಲಾಸ್ಟರ್ ತೆಗೆದು, ಒಣಗಿದ ನಯವಾದ ಕಾಂಕ್ರೀಟ್ ಮೇಲೆ ಬಡಿದರೋ, ಪ್ಲಾಸ್ಟರಿನ ಮೇಲೆಯೇ ಬಡಿದರೋ? ಫೋಟೋ ಇದೆಯೇ? ಕಾಂಕ್ರೀಟಿನ ಹೊರಪದರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗಟ್ಟಿಯಾಗಿದ್ದರೆ ಒಳಗೆ ಬಲವಿಲ್ಲದಿದ್ದರೂ ಹ್ಯಾಮರ್ ಹೆಚ್ಚಿನ ಅಂಕಿ ತೋರಿಸುತ್ತದೆ. ಒಡೆದ ಜಾಗಕ್ಕೆ ಫಿನಾಲ್ಫ್ಥಲೀನ್ ಎಂಬ ರಾಸಾಯನಿಕದ ದ್ರಾವಣ ಸಿಂಪಡಿಸಿದರೆ ಗೊತ್ತಾಗುತ್ತದೆ: ಗುಲಾಬಿಯಾದರೆ ಕಾಂಕ್ರೀಟ್ ಇನ್ನೂ ಕಬ್ಬಿಣವನ್ನು ಕಾಯುತ್ತಿದೆ, ಬಣ್ಣ ಬಾರದಿದ್ದರೆ ಆ ಆಳದವರೆಗೆ ರಕ್ಷಣೆ ಹೋಗಿದೆ. ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯ. ಕಾಂಕ್ರೀಟ್ ಎಂ-20 ಇದ್ದರೂ ಪಾಯ ಕುಸಿದರೆ ಗೋಡೆ ಬಿರುಕು ಬಿಡುತ್ತದೆ. ಅವರ ವರದಿ ನೀವು ಕೇಳಿದ ಪ್ರಶ್ನೆಗೆ ಉತ್ತರವೇ ಅಲ್ಲ. ಇದನ್ನು ಆಯೋಗಕ್ಕೆ ಬಿಡಿಸಿ ಹೇಳಬಲ್ಲವರೇ ನಿಮಗೆ ಬೇಕಾದ ತಜ್ಞರು.

ಕಾಂಕ್ರೀಟಿನ ಬಲ ನಿಜಕ್ಕೂ ವಿವಾದವಾಗಿದ್ದರೆ ಕೋರ್ (ಕಾಂಕ್ರೀಟನ್ನು ಕೊರೆದು ತೆಗೆದ ಸಿಲಿಂಡರ್ ಆಕಾರದ ತುಂಡು) ತೆಗೆಯಲೇಬೇಕು. ಐಎಸ್ 456 (2000) ಪ್ರಕಾರ ಮೂರಕ್ಕಿಂತ ಕಡಿಮೆ ಕೋರ್ ಪರೀಕ್ಷಿಸುವಂತಿಲ್ಲ. ಅವುಗಳ ಕ್ಯೂಬ್ ಸಮಾನ ಬಲದ (ಘನಾಕಾರದ ತುಂಡಿನ ಬಲಕ್ಕೆ ಹೊಂದಿಸಿದ ಅಂಕಿಯ) ಸರಾಸರಿ ನಿಗದಿತ ದರ್ಜೆಯ ಶೇ 85ಕ್ಕಿಂತ ಕಡಿಮೆ ಇರಬಾರದು, ಯಾವ ಒಂದು ಕೋರ್ ಸಹ ಶೇ 75ಕ್ಕಿಂತ ಕೆಳಗಿಳಿಯಬಾರದು. ಎಂ-20ಕ್ಕೆ ಇವು 17 ಮತ್ತು 15 ಆಗುತ್ತವೆ. ತಜ್ಞರ ಗುಣಮಟ್ಟ ತಿಳಿಯಲು ಲೆಕ್ಕವನ್ನು ಅವರು ಹೇಗೆ ತೋರಿಸುತ್ತಾರೆ ನೋಡಿ. 100 ಮಿ.ಮೀ. ವ್ಯಾಸ, 200 ಮಿ.ಮೀ. ಉದ್ದದ ಕೋರ್ 106 ಕಿಲೋನ್ಯೂಟನ್ ಭಾರಕ್ಕೆ ಒಡೆಯಿತು ಎನ್ನಿ. ವಿಸ್ತೀರ್ಣ 7,854 ಚದರ ಮಿ.ಮೀ., ಆದ್ದರಿಂದ ಸಿಲಿಂಡರ್ ಬಲ ಚದರ ಮಿ.ಮೀ.ಗೆ 13.5 ನ್ಯೂಟನ್. ಇದನ್ನು 1.25ರಿಂದ ಗುಣಿಸಿದರೆ ಕ್ಯೂಬ್ ಸಮಾನ ಬಲ 16.9. ಉಳಿದೆರಡು ಕೋರ್ 18.2 ಮತ್ತು 15.4 ಬಂದರೆ ಸರಾಸರಿ 16.8. ಯಾವುದೂ 15ಕ್ಕಿಂತ ಕೆಳಗಿಲ್ಲ, ಆದರೆ ಸರಾಸರಿ 17 ಮುಟ್ಟಲಿಲ್ಲ, ಹಾಗಾಗಿ ಒಪ್ಪುವಂತಿಲ್ಲ. 1.25ರಿಂದ ಗುಣಿಸದೆ "13.5 ಮಾತ್ರ ಬಂದಿದೆ, ಭಾರಿ ಕಳಪೆ" ಎಂದು ಬರೆದ ವರದಿ ನಿಮಗೆ ಅನುಕೂಲವಾಗಿ ಕಂಡರೂ ಅದೇ ನಿಮ್ಮ ಕೇಸನ್ನು ಮುಳುಗಿಸುತ್ತದೆ. ಸುಳ್ಳು ಲೆಕ್ಕ ಒಂದು ಸಿಕ್ಕಿದರೂ ಉಳಿದ ಸತ್ಯವನ್ನು ಯಾರೂ ನಂಬುವುದಿಲ್ಲ. ಕೋರ್ ಕೊರೆಯುವ ಮೊದಲು ರೀಬಾರ್ ಲೊಕೇಟರ್ ಇಟ್ಟು ಕಬ್ಬಿಣ ಎಲ್ಲಿದೆ ಎಂದು ಗುರುತು ಹಾಕಿದರೇ ಎಂಬುದನ್ನೂ ಕೇಳಿ. ಗುರುತಿಲ್ಲದೆ ಪಿಲ್ಲರಿಗೆ ಡ್ರಿಲ್ ಹಚ್ಚುವವರನ್ನು ಮನೆಯೊಳಗೆ ಬಿಡಬೇಡಿ.

ತುಕ್ಕು ಕಂಡ ಪಿಲ್ಲರಿಗೆ ಬೇರೆ ಲೆಕ್ಕ. ಅಲ್ಲಿ ಅಳೆಯಬೇಕಾದ್ದು ಕವರ್. 200 ಮಿ.ಮೀ.ಗಿಂತ ದೊಡ್ಡ ಪಿಲ್ಲರಿನ ಉದ್ದ ಸರಳುಗಳಿಗೆ ಕನಿಷ್ಠ 40 ಮಿ.ಮೀ. ಬೇಕು. ಲೊಕೇಟರ್ ತೋರಿಸಿದ ಅಂಕಿಯನ್ನು ಒಂದೆರಡು ಕಡೆ ಕೆತ್ತಿ ಸ್ಕೇಲ್ ಇಟ್ಟು ಖಚಿತ ಮಾಡಿಕೊಂಡಿರಬೇಕು.

ಮಣ್ಣಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ನಿಮ್ಮ ಕೇಸಿನ ಬೇರು ಇರುವುದು ಅಲ್ಲೇ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಮಾರ್ಚ್‌ನಿಂದ ಮೇ ತನಕ ಮನೆಯ ಸುತ್ತಲಿನ ಮಣ್ಣು ಒಣಗಿ ಕುಗ್ಗುತ್ತದೆ, ಮನೆಯ ಅಡಿಯ ಮಣ್ಣು ತೇವವನ್ನು ಹಿಡಿದುಕೊಂಡಿರುತ್ತದೆ. ಅಂಚು ಇಳಿಯುತ್ತದೆ, ನಡುವೆ ಹಾಗೇ ನಿಲ್ಲುತ್ತದೆ, ಆಗ ಬರುವ ಬಿರುಕು ಮೇಲ್ಗಡೆ ಅಗಲ, ಕೆಳಗೆ ಸಣ್ಣ. ಮಳೆ ಬಿದ್ದು ಕಾಲುವೆಗೆ ನೀರು ಬಿಟ್ಟು ಪಕ್ಕದ ಗದ್ದೆ ತುಂಬಿದಾಗ ಅಂಚು ಏಳುತ್ತದೆ, ಅದೇ ಬಿರುಕು ಕೂಡಿಕೊಳ್ಳುತ್ತದೆ. ತುಂಬಿದ ಗರಸು ಸರಿಯಾಗಿ ದಮ್ಮಸ್ಸು ಆಗದೆ ನೆಲ ಇಳಿದಿದ್ದರೆ ಹೀಗೆ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದಿಲ್ಲ, ಒಂದೇ ದಿಕ್ಕಿಗೆ ಇಳಿಯುತ್ತಾ ಹೋಗಿ ನಿಲ್ಲುತ್ತದೆ. ಈ ಎರಡನ್ನು ಬೇರ್ಪಡಿಸದೆ ಕಾರಣ ಬರೆಯಲಾಗದು. ಒಂದೇ ಸಲ ಬಂದು ಅರ್ಧ ಗಂಟೆ ನೋಡಿ ಹೋದವರಿಗೆ ಬೇರ್ಪಡಿಸಲು ಸಾಧ್ಯವೂ ಇಲ್ಲ. ಬಿರುಕಿನ ಎರಡೂ ಬದಿಗೆ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ಅಳೆದು, ಕನಿಷ್ಠ ಒಂದು ಬೇಸಿಗೆ ಒಂದು ಮಳೆಗಾಲದ ಅಂಕಿ ಕೂಡಿಸಿದ ಮೇಲೆ ಬರೆದ ವರದಿಗೆ ಬಲ ಬೇರೆಯೇ. ವಿಚಾರಣೆ ಅಷ್ಟು ಕಾಲ ಕಾಯದಿದ್ದರೆ, ಸಿಕ್ಕಷ್ಟು ಅಂಕಿಯ ಮೇಲೆ ಬರೆದಿದ್ದೇನೆ ಎಂದು ತಜ್ಞರು ಸ್ಪಷ್ಟವಾಗಿ ಹೇಳಿಕೊಳ್ಳಬೇಕು.

ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. "ಗೋಡೆಗಳಲ್ಲಿ ಬಿರುಕುಗಳಿದ್ದು ಕಾಮಗಾರಿ ಕಳಪೆಯಾಗಿರುವುದು ಕಂಡುಬಂದಿದೆ." ಇದು ಒಂದು. "ಈಶಾನ್ಯ ಕೋಣೆಯ ಪೂರ್ವ ಗೋಡೆ, ಕಿಟಕಿಯ ಬಲ ಮೇಲ್ಮೂಲೆಯಿಂದ ಓರೆಯಾಗಿ ಮೇಲಕ್ಕೆ 1.2 ಮೀಟರ್ ಉದ್ದದ ಬಿರುಕು. ಅಗಲ ಮೇಲ್ತುದಿಯಲ್ಲಿ 3 ಮಿ.ಮೀ., ಕೆಳತುದಿಯಲ್ಲಿ 0.5 ಮಿ.ಮೀ.; ಗೋಡೆಯ ಹೊರಬದಿಯಲ್ಲೂ ಇದೆ; ಅಳೆದ ದಿನಾಂಕ, ಫೋಟೋ ಸಂಖ್ಯೆ 14." ಇದು ಇನ್ನೊಂದು. ಎರಡನೆಯದರಲ್ಲಿ ಯಾರನ್ನೂ ಬೈದಿಲ್ಲ. ಆದರೂ ಪಾಟಿ ಸವಾಲಿನಲ್ಲಿ ಅದನ್ನು ಅಲುಗಾಡಿಸುವುದು ಕಷ್ಟ.

ಪಾಯದ ಪಕ್ಕ ಒಂದು ಗುಂಡಿ ತೋಡಿಸಲೇಬೇಕು. ಪಾಯ ನಿಜವಾಗಿ ಎಷ್ಟು ಆಳಕ್ಕೆ ಹೋಗಿದೆ, ಅಡಿಯಲ್ಲಿ ಬೆಡ್ ಕಾಂಕ್ರೀಟ್ ಇದೆಯೇ, ನಕ್ಷೆಯಲ್ಲಿ ಎಷ್ಟಿತ್ತು ಎಂಬುದನ್ನು ಟೇಪ್ ಹಿಡಿದು ಫೋಟೋ ತೆಗೆಯಬೇಕು. ಅಲ್ಲಿಂದಲೇ ಬೇರೆ ಬೇರೆ ಆಳದ ಮಣ್ಣು ತೆಗೆದು ಉಬ್ಬುವಿಕೆ ಅಳೆಯುವ ಫ್ರೀ ಸ್ವೆಲ್ ಪರೀಕ್ಷೆಗೆ ಕಳಿಸಬೇಕು. ಪರೀಕ್ಷೆ ಸರಳ, ಖರ್ಚೂ ಕಡಿಮೆ. ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಜಾಡಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡುತ್ತಾರೆ. ನೀರಿನಲ್ಲಿ 19 ಮಿ.ಲೀ., ಸೀಮೆಎಣ್ಣೆಯಲ್ಲಿ 11 ಮಿ.ಲೀ. ನಿಂತರೆ ಉಬ್ಬುವಿಕೆ ಸುಮಾರು ಶೇ 73. ಇಂಥ ಅಂಕಿ ಕೈಯಲ್ಲಿದ್ದರೆ "ಮಣ್ಣಿನ ಗುಣ" ಎಂಬ ಗುತ್ತಿಗೆದಾರರ ಮಾತು ಅವರಿಗೇ ತಿರುಗುತ್ತದೆ. ಮಣ್ಣು ಉಬ್ಬುವಂಥದ್ದು ಎಂದು ಗೊತ್ತಿದ್ದ ಮೇಲೆ ಅದಕ್ಕೆ ತಕ್ಕ ಪಾಯ ಯಾಕಿಲ್ಲ? ಮಣ್ಣು ಪರೀಕ್ಷೆ ಯಾಕೆ ಮಾಡಿಸಲಿಲ್ಲ? ಅಂಡರ್‌ರೀಮ್ಡ್ ಪೈಲ್ (ಬುಡದ ಕಡೆ ಅಗಲವಾದ, ಆಳಕ್ಕಿಳಿಸಿದ ಕಂಬದಂಥ ಪಾಯ) ಹಾಕುವ ವಿಧಾನ ಐಎಸ್ 2911ರ ಭಾಗ 3ರಲ್ಲಿ ದಶಕಗಳಿಂದ ಇದೆ. ಆದರೆ ಒಂದು ಎಚ್ಚರಿಕೆ. ಪಾಯದ ವಿನ್ಯಾಸ ಗುತ್ತಿಗೆದಾರರದ್ದೋ, ನೀವು ಬೇರೆಯವರಿಂದ ಮಾಡಿಸಿ ಕೊಟ್ಟದ್ದೋ ಎಂಬುದರ ಮೇಲೆ ಈ ವಾದ ನಿಲ್ಲುತ್ತದೆ. ಅದನ್ನು ತೀರ್ಮಾನಿಸುವುದು ಆಯೋಗದ ಕೆಲಸ, ತಜ್ಞರದ್ದಲ್ಲ. "ಗುತ್ತಿಗೆದಾರರೇ ಹೊಣೆ" ಎಂದು ಬರೆದುಕೊಡಲು ಒಪ್ಪುವ ತಜ್ಞರಿಂದ ದೂರವಿರಿ. "ನಕ್ಷೆಯಲ್ಲಿ 1.8 ಮೀಟರ್, ಸ್ಥಳದಲ್ಲಿ 1.1 ಮೀಟರ್" ಎಂದಷ್ಟೇ ಬರೆದು ನಿಲ್ಲಿಸಬಲ್ಲವರು ನಿಮಗೆ ಹೆಚ್ಚು ಉಪಯೋಗ.

ಇನ್ನು ವ್ಯಕ್ತಿಯನ್ನು ಪರೀಕ್ಷಿಸುವುದು. ಹಣ ಕೊಡುವ ಮೊದಲೇ ಮಾಡಬೇಕಾದ ಕೆಲಸ ಇದು, ಸಂಕೋಚ ಬೇಡ. ಮೊದಲ ಫೋನ್ ಮಾತಿನಲ್ಲೇ, ಸ್ಥಳ ನೋಡುವ ಮುನ್ನವೇ "ಸಿಮೆಂಟ್ ಕಡಿಮೆ ಹಾಕಿದ್ದಾರೆ ಬಿಡಿ" ಎಂದವರನ್ನು ಅಲ್ಲಿಗೇ ಬಿಟ್ಟುಬಿಡಿ. ಹಿಂದೆ ಬರೆದ ಎರಡು ಮೂರು ವರದಿಗಳನ್ನು ಹೆಸರು ಮುಚ್ಚಿ ತೋರಿಸಲು ಕೇಳಿ. ಅವುಗಳಲ್ಲಿ ಒಂದಾದರೂ ತಮ್ಮನ್ನು ನೇಮಿಸಿದವರಿಗೆ ಪ್ರತಿಕೂಲವಾಗಿದೆಯೇ ಎಂದು ನೋಡಿ. ಯಾವತ್ತೂ ಒಂದೇ ಕಡೆ ವಾಲುವ ವರದಿ ಬರೆದವರ ಹೆಸರು ಕೋರ್ಟಿನಲ್ಲಿ ಬೇಗ ಸವೆಯುತ್ತದೆ. ಪಾಟಿ ಸವಾಲಿಗೆ ಎಷ್ಟು ಸಲ ನಿಂತಿದ್ದಾರೆ, ನಿಮ್ಮ ಕೇಸಿನಲ್ಲಿ ಅಫಿಡವಿಟ್ ಕೊಟ್ಟು ಪ್ರಶ್ನೆಗಳಿಗೆ ತಾವೇ ಉತ್ತರಿಸುತ್ತಾರೆಯೇ, ಸೈಟಿಗೆ ಖುದ್ದಾಗಿ ಬರುತ್ತಾರೋ ಹುಡುಗರನ್ನು ಕಳಿಸಿ ಸಹಿ ಮಾತ್ರ ಹಾಕುತ್ತಾರೋ ಎಂದೂ ಕೇಳಿ. ನೋಡದವರು ನೋಡಿದ್ದೇನೆ ಎಂದು ಪ್ರಮಾಣ ಮಾಡಲಾರರು.

ಹಿತಾಸಕ್ತಿಯ ಪ್ರಶ್ನೆ ನಮ್ಮ ಕಡೆ ಇನ್ನೂ ಸೂಕ್ಷ್ಮ. ರಾಯಚೂರು, ಸಿಂಧನೂರು, ಗಂಗಾವತಿ, ಬಳ್ಳಾರಿಯಂಥ ಊರುಗಳಲ್ಲಿ ಎಂಜಿನಿಯರು, ಗುತ್ತಿಗೆದಾರರು, ಸಿಮೆಂಟ್ ಅಂಗಡಿಯವರು, ರೆಡಿಮಿಕ್ಸ್ ಪ್ಲಾಂಟಿನವರು ಒಬ್ಬರಿಗೊಬ್ಬರು ಗೊತ್ತಿರುವವರೇ. ಗೊತ್ತಿರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಆ ಗುತ್ತಿಗೆದಾರರಿಗೆ ಹಿಂದೆ ಎಂದಾದರೂ ಕೆಲಸ ಮಾಡಿಕೊಟ್ಟಿದ್ದಾರೆಯೇ, ನಿಮಗೆ ಸಂಬಂಧಿಕರೇ, ರಿಪೇರಿ ಗುತ್ತಿಗೆ ತಾವೇ ಹಿಡಿಯುವ ಉದ್ದೇಶವಿದೆಯೇ ಎಂಬುದನ್ನು ವರದಿಯ ಮೊದಲ ಪುಟದಲ್ಲೇ ಬರೆಯಲು ಹೇಳಿ. ಫೀ ಇಷ್ಟು ಎಂದು ಮೊದಲೇ ಲಿಖಿತವಾಗಿ ಗೊತ್ತಾಗಲಿ. ಸ್ಥಳ ಭೇಟಿ, ಪರೀಕ್ಷೆ, ಆಯೋಗಕ್ಕೆ ಹಾಜರಿ ಬೇರೆ ಬೇರೆಯಾಗಿರಲಿ. ಪರಿಹಾರದ ಹಣದಲ್ಲಿ ಪಾಲು ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ.

ಪರೀಕ್ಷಾಲಯಕ್ಕೆ ಎನ್‌ಎಬಿಎಲ್ (ಪರೀಕ್ಷಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂದಷ್ಟೇ ಕೇಳಿದರೆ ಸಾಲದು. ಮಾನ್ಯತೆ ಸಿಗುವುದು ಒಂದೊಂದು ಪರೀಕ್ಷೆಗೆ. ಸಿಮೆಂಟ್ ಪರೀಕ್ಷೆಗೆ ಇದ್ದು ಕೋರ್ ಪರೀಕ್ಷೆಗೆ ಇಲ್ಲದಿರಬಹುದು. ಮಾನ್ಯತೆಯ ವ್ಯಾಪ್ತಿಪಟ್ಟಿಯಲ್ಲಿ ನಿಮ್ಮ ಪರೀಕ್ಷೆಯ ಹೆಸರು, ಅವಧಿಯ ದಿನಾಂಕ ಎರಡನ್ನೂ ನೋಡಿ.

ಒಬ್ಬರೇ ಕೊರೆಸಿ ಒಬ್ಬರೇ ಕಳಿಸಿದ ಕೋರ್ ಬಗ್ಗೆ ಎದುರುದಾರರು "ಅದು ನಮ್ಮ ಪಿಲ್ಲರಿನದೇ ಅಲ್ಲ" ಎನ್ನುತ್ತಾರೆ. ಇದಕ್ಕೆ ಎರಡು ಉಪಾಯ. ಪರೀಕ್ಷೆಯ ದಿನ, ಸಮಯ, ಜಾಗ ಬರೆದು ಕನಿಷ್ಠ ಒಂದು ವಾರ ಮೊದಲು ರಿಜಿಸ್ಟ್ರೇಷನ್ ಸಮೇತ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಬಂದರೆ ಕೋರ್ ಮೇಲೆ ಇಬ್ಬರ ಸಹಿ ಹಾಕಿಸಿ ಸೀಲ್ ಮಾಡಿ, ಬಾರದಿದ್ದರೆ ಬಾರದ್ದನ್ನು ಪಂಚನಾಮೆಯಲ್ಲಿ ಬರೆಸಿ. ಇನ್ನೂ ಒಳ್ಳೆಯದು, ಸ್ಥಳ ಪರಿಶೀಲನೆಗೆ ತಜ್ಞ ಕಮಿಷನರನ್ನು ನೇಮಿಸುವಂತೆ, ಪರೀಕ್ಷಾಲಯದಿಂದ ವರದಿ ತರಿಸುವಂತೆ ಆಯೋಗಕ್ಕೇ ಅರ್ಜಿ ಹಾಕುವುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38(9)ನೇ ಕಲಮು ಪರೀಕ್ಷಾ ವರದಿ ತರಿಸಿಕೊಳ್ಳುವ ಅಧಿಕಾರವನ್ನು ಆಯೋಗಕ್ಕೆ ಕೊಟ್ಟಿದೆ. ಸಿವಿಲ್ ಕೋರ್ಟಿನಲ್ಲಾದರೆ ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) 26ನೇ ಆದೇಶದ 9, 10 ಮತ್ತು 10ಎ ನಿಯಮಗಳು ಇದಕ್ಕಾಗಿಯೇ ಇವೆ. ನಿಮ್ಮ ವಕೀಲರು ಅರ್ಜಿಯಲ್ಲಿ ಕಮಿಷನರ್ ಉತ್ತರಿಸಬೇಕಾದ ಪ್ರಶ್ನೆಗಳನ್ನು ತಟಸ್ಥವಾಗಿ ಬರೆಯಬೇಕು. "ಕಳಪೆ ಕೆಲಸವನ್ನು ಪರಿಶೀಲಿಸಲು" ಎಂದು ಬರೆದರೆ ಉತ್ತರವನ್ನು ಮೊದಲೇ ಹೇಳಿಕೊಟ್ಟಂತೆ ಆಗುತ್ತದೆ. "ಪಾಯದ ಆಳ ಎಷ್ಟು, ನಕ್ಷೆಯಂತೆ ಇದೆಯೇ" ಎಂದು ಬರೆಯಿರಿ.

ತಜ್ಞರಿಗೆ ಎಲ್ಲ ಕಾಗದವನ್ನೂ ಕೊಡಿ, ನಿಮಗೆ ವಿರುದ್ಧವಾದದ್ದನ್ನೂ ಸೇರಿಸಿ. ಖರ್ಚು ಉಳಿಸಲು ಪಾಯ ಕಡಿಮೆ ಮಾಡಿ ಎಂದು ನೀವೇ ವಾಟ್ಸ್‌ಆ್ಯಪ್‌ನಲ್ಲಿ ಬರೆದಿದ್ದರೆ, ಕ್ಯೂರಿಂಗ್ ನೀರು ಹೊಡೆಯುವ ಕೆಲಸ ನಿಮ್ಮದಾಗಿದ್ದರೆ, ಆಮೇಲೆ ಮೇಲೆ ಒಂದು ಕೋಣೆ ಏರಿಸಿದ್ದರೆ, ಬಚ್ಚಲಿನ ನೀರು ಪಾಯದ ಪಕ್ಕವೇ ಇಂಗುತ್ತಿದ್ದರೆ ಅವರಿಗೆ ಮೊದಲೇ ಗೊತ್ತಿರಲಿ. ಸಾಕ್ಷಿ ಕಟ್ಟೆಯಲ್ಲಿ ಮೊದಲ ಸಲ ಕೇಳಿದರೆ ಅವರ ಮುಖವೇ ಎಲ್ಲವನ್ನೂ ಹೇಳಿಬಿಡುತ್ತದೆ. ವರದಿಯ ಕರಡನ್ನು ವಕೀಲರು ಓದಿ ಅಸ್ಪಷ್ಟವಾದ ಕಡೆ ಗುರುತು ಹಾಕಬಹುದು, ಅಭಿಪ್ರಾಯ ತಿದ್ದಬಾರದು.

ದುರಸ್ತಿಯ ಅಂದಾಜು ಕೊನೆಯ ಹೆಜ್ಜೆ. ಕಾರಣ ಗೊತ್ತಾಗದೆ ಮಾಡಿದ ಅಂದಾಜಿಗೆ ಅರ್ಥವಿಲ್ಲ. ಐಟಂ ಐಟಂ ಆಗಿ ಅಳತೆ ಇರಲಿ, ದರ ಲೋಕೋಪಯೋಗಿ ಇಲಾಖೆಯ ಯಾವ ವರ್ಷದ ದರಪಟ್ಟಿಯದು ಎಂದು ಬರೆದಿರಲಿ, ಇಡೀ ಮನೆ ಕೆಡವಬೇಕು ಎಂದಾದರೆ ದುರಸ್ತಿ ಯಾಕೆ ಸಾಲದು ಎಂಬ ಕಾರಣವೂ ಇರಲಿ.

ಇದೆಲ್ಲ ಆಗುವ ತನಕ ಬಿರುಕಿಗೆ ಪುಟ್ಟಿ, ಪ್ಲಾಸ್ಟರ್ ಮೆತ್ತಿಸಬೇಡಿ. ಇವತ್ತೇ ಪ್ರತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ, ಸ್ಟೀಲ್ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಬಿರುಕು ಬೆಳೆದರೆ ಮುಂದಿನ ಗೆರೆ ಹಳೆಯ ಗೆರೆಯಾಚೆ ಬೀಳುತ್ತದೆ. ಪಿಲ್ಲರಿನಿಂದ ಉದುರಿದ ಚೂರುಗಳನ್ನು ಜಾಗದ ಹೆಸರು ಬರೆದ ಚೀಲದಲ್ಲಿ ಕಟ್ಟಿಡಿ. ಪಿಲ್ಲರಿನ ತುಕ್ಕು ಹೆಚ್ಚುತ್ತಿದ್ದರೆ, ಚಾವಣಿಯ ಭಾರ ಬೀಳುವ ಕಡೆ ಹೊಸ ಬಿರುಕು ಕಂಡರೆ ವಿಚಾರಣೆಗಾಗಿ ಕಾಯಬೇಡಿ. ಫೋಟೋ, ಅಳತೆ ಮುಗಿಸಿ ಎದುರುದಾರರಿಗೆ ನೋಟಿಸ್ ಕೊಟ್ಟು ಅಲ್ಲಿ ಪ್ರಾಪ್ (ತಾತ್ಕಾಲಿಕ ಆಸರೆ ಕಂಬ) ಕೊಡಿಸಿ, ಆ ಕೋಣೆಯಲ್ಲಿ ಯಾರೂ ಮಲಗದಂತೆ ನೋಡಿಕೊಳ್ಳಿ.